ಬಳಿಯದೆ ಬಿಟ್ಟ ಜಾಗ

ಮೆರಿವೆದರ್ ಬೀದಿ ಹೈವೇಗೆ ಹಣೆ ಬಡಿದುಕೊಂಡು ನಿಲ್ಲುವಲ್ಲಿ
ಒಂದು ಲಾಂಡ್ರಿ. ಅದರ ಎಡಗೋಡೆ.
ಎಪ್ಪತ್ತು ಅಡಿ ಉದ್ದ, ಬರೀ ಇಟ್ಟಿಗೆ.
ಮೇ ತಿಂಗಳ ಕೊನೆಯ ಶನಿವಾರ ಸಾರವೆ ಕಟ್ಟಿದೆವು.

ಬರೆಯುವವಳು ಜೊನೆಲ್. ನಾನು ಬಣ್ಣ ಕಲಸುವವಳು.
ಅಂಗಡಿಯಲ್ಲಿ ಕಂದು ಎಂದರೆ ಒಂದೇ ಕಂದು, ಒಂದೇ ಡಬ್ಬಿ.
ನಾನು ಹದಿನೇಳು ಮಾಡಿದೆ.
ಕ್ಷೌರದಂಗಡಿಯ ಹಾರ್ಲನ್‌ಗೆ ಕಾಕಂಬಿಯದು,
ಸೂಲಗಿತ್ತಿ ಅರ್ಡೇಲಿಯಾಗೆ ಹುರಿದ ಕಡಲೆಬೀಜದ ಒಳಸಿಪ್ಪೆಯದು,
ಹೊಳೆಯಲ್ಲಿ ಹೋದ ಅವಳಿಗಳಿಗೆ ಒಂದೇ ಸಾಕೆಂದಿದ್ದೆ.
ತಂಗಿ ಬಿಡಲಿಲ್ಲ:
'ಒಬ್ಬನಲ್ಲಿ ಒಂದು ಗುಟುಕು ಹಾಲು ಹೆಚ್ಚಿತ್ತು, ನೋಡಿ ಹಾಕು.'

ಜನ ಬಂದರು.
ಬೈಬಲ್ಲಿನೊಳಗೆ ಚಪ್ಪಟೆಯಾದ ಫೋಟೋಗಳು,
ಶವಸಂಸ್ಕಾರದ ಕಂಪನಿ ಹಂಚಿದ ರಟ್ಟಿನ ಬೀಸಣಿಗೆಯ
ಬೆನ್ನಿಗೆ ಅಂಟಿಸಿಟ್ಟ ಮದುವೆ.
ಅಂಚೆಯ ಕ್ಲೀವನ್ ಕೈಬೀಸಿಕೊಂಡು ಬಂದ.
ಹೈವೇ ನುಂಗಿದ ನೂರಾ ಹನ್ನೊಂದು ಮನೆಗಳ ನಂಬರು
ಮಗ್ಗಿಯ ಹಾಗೆ ಒಪ್ಪಿಸಿದ,
ಎಲ್ಲೆಲ್ಲಿ ನಾಯಿ ಕಚ್ಚಿತ್ತೆಂಬ ಸಮೇತ.

ಜಗಳವೂ ಆಯಿತು.
ಓಸಿ ಚೀಟಿ ಬರೆಯುತ್ತಿದ್ದ ಡೂಬಿ ಗೋಡೆಗೆ ಬೇಡವೆಂದರು ಚರ್ಚಿನವರು.
'ನಿಮ್ಮ ಛಾವಣಿಯ ತಗಡು ಯಾರ ದುಡ್ಡು?'
ಎಂದಿತು ಹಿಂದಿನಿಂದ ಒಂದು ಕೆಮ್ಮು.
ಡೂಬಿ ಉಳಿದ,
ಹ್ಯಾಟು ಮಾತ್ರ ಮೂಗಿನ ತನಕ.

ಆಮೇಲೆ ಅಸ್ತರಿನ ದಿನ.
ಯಾವ ಚಿತ್ರಕ್ಕೂ ಮೊದಲ ಪದರ ಬಿಳಿಯೇ,
ಕಂಪನಿಯ ನಿಯಮ ಅದು, ನಗು ಬಂತು ನಮಗೆ.
ರೋಲರು ಅದ್ದಿ ಎತ್ತಿದ್ದೇ ತಡ
ವರ್ಲೀನ್ ಎದ್ದಳು.
ಎಂಬತ್ತೊಂಬತ್ತು. ಊರುಗೋಲಿನ ಕಾಲಿಗೆ ಟೆನಿಸ್ ಚೆಂಡು.
ವಾರವೆಲ್ಲ ಮಡಚು ಕುರ್ಚಿಯಲ್ಲಿ ಕೂತು
ಒಂದು ಮಾತಾಡದವಳು
ಗೋಡೆಗೂ ನಮಗೂ ನಡುವೆ ನಿಂತಳು.

'ಇದು ನಮ್ಮಪ್ಪ ಕಟ್ಟಿದ್ದು.
ಯೂನಿಯನ್ನಿನವರು ಕಾರ್ಡು ಕೊಡಲಿಲ್ಲ,
ಮೇಸ್ತ್ರಿ ಅರ್ಧ ಕೂಲಿ ಕೊಟ್ಟ,
ಗೋಡೆ ಮಾತ್ರ ಪೂರ್ತಿ ಎದ್ದಿತು.'
ಕೋಲಿನಿಂದ ತೋರಿಸಿದಳು,
ಕೆಳಗಿನಿಂದ ಒಂಬತ್ತನೇ ವರಸೆ, ಸೊಟ್ಟಗಿರುವ ಒಂದು ಇಟ್ಟಿಗೆ.
ಅದನ್ನು ಇಡುತ್ತಿದ್ದಾಗಲೇ ಯಾರೋ ಓಡಿಬಂದು
ಹೆಣ್ಣು ಮಗು ಎಂದರಂತೆ.
ಎಂದೂ ಗುಂಡು ತಪ್ಪದ ಕೈ ಅಂದು ತಪ್ಪಿತಂತೆ.
ತಿದ್ದದೆ ಬಿಟ್ಟನಂತೆ.
'ನಮ್ಮನ್ನು ತೋರಿಸೋಕೆ
ಅವನನ್ನ ಮುಚ್ಚುತ್ತೀರಾ?'

ಜೊನೆಲ್ ರೋಲರನ್ನು ಬಕೆಟ್ಟಿನ ಮೇಲೆ ಅಡ್ಡ ಇಟ್ಟಳು.
ಆ ಸಂಜೆ ಕರಿದ ಮೀನು ತಿಂದೆವು, ಕಾಗದ ನೆಕ್ಕಿದೆವು,
ಗೋಡೆಯ ಕಡೆ ಯಾರೂ ನೋಡಲಿಲ್ಲ.
ಬೆಳಿಗ್ಗೆ ಅವಳು ಸುಣ್ಣದ ಕಡ್ಡಿ ಹಿಡಿದು ಕೇಳಿದಳು,
ಹೇಗಿದ್ದರು ಎಜೆಲ್?
ಫೋಟೋ ಇಲ್ಲ. ಮೂಗು ನೆನಪಿಲ್ಲ.
ತುಂಬ ಹೊತ್ತಿನ ಮೇಲೆ, 'ಬೆನ್ನು. ಬೆನ್ನು ಗೊತ್ತು.'

ಹಾಗಾಗಿ ಬಗ್ಗಿದ ಒಬ್ಬ ಮನುಷ್ಯನ ಅಂಚು ಎಳೆದು
ಸುತ್ತಲೂ ಬಳಿದೆವು,
ಅರ್ಡೇಲಿಯಾ, ಹಾರ್ಲನ್, ಹ್ಯಾಟಿನ ಡೂಬಿ,
ನೂರಾ ಹನ್ನೊಂದು ಬಾಗಿಲು,
ನಡುವೆ ಅವನು ಬರೀ ಇಟ್ಟಿಗೆ,
ಚಾಚಿದ ಕೈಯ ತುದಿಯಲ್ಲಿ ಆ ಸೊಟ್ಟದ್ದು.

ಆಗಸ್ಟಿನಲ್ಲಿ ರಿಬ್ಬನ್ ಕತ್ತರಿಸಿದರು.
ಕೌನ್ಸಿಲರು ಹೆಸರು ತಪ್ಪು ಹೇಳಿದ, ಚಪ್ಪಾಳೆ ಬಿತ್ತು.
ಮಕ್ಕಳು ಸಾಲಾಗಿ ಬಂದು ಸೊಟ್ಟ ಇಟ್ಟಿಗೆ ಮುಟ್ಟಿ
ಐಸ್‌ಕ್ರೀಮಿಗೆ ಓಡಿದರು.

ನಾನು ಸರಿಯಾಗಿ ಕಂಡದ್ದು ಅಕ್ಟೋಬರಿನಲ್ಲಿ,
ಬಸ್ಸಿಗೆ ಕಾಯುತ್ತ, ಹನಿಯುವಾಗ.
ನನ್ನ ಹದಿನೇಳು ಕಂದುಗಳ ಮೇಲಿಂದ ನೀರು
ಜಾರಿ ಹೋಗುತ್ತಿತ್ತು, ಒಂದೂ ನೆನೆಯುತ್ತಿರಲಿಲ್ಲ.
ಅವನ ಬೆನ್ನೊಂದೇ
ಹೆಗಲಿನಿಂದ ಕೆಳಕ್ಕೆ
ಮೆಲ್ಲಗೆ ಕುಡಿದು ಕಪ್ಪಾಗುತ್ತಿತ್ತು,
ಮಧ್ಯಾಹ್ನದ ಹೊತ್ತಿಗೆ
ಕೆಲಸದ ಅಂಗಿ ಆಗುವ ಹಾಗೆ.